ನೀಲಿ ಮುದ್ದೆ

ನಮ್ಮೂರಿನಲ್ಲಿ ಮನೆಮಂದಿಯಲ್ಲಿ ಯಾರ ಕೈಹಿಡಿತ ಗಟ್ಟಿಯೋ ಅವರೇ ಯಜಮಾನರು. ಮನೆಯ ಬಾಗಿಲು ತೆರೆಯುವುದೂ ಅವರ ಮುಷ್ಟಿಗೆ ಮಾತ್ರ. ಇಪ್ಪತ್ತಾರು ವರ್ಷ ನಾನು ಹೊರಗೆ ಹೋಗಬೇಕೆಂದರೆ ನಮ್ಮವರು ಪೇಪರ್ ಓದಿ ಏಳುವವರೆಗೆ ಕಾಯುತ್ತಿದ್ದೆ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ ದಿನವೂ ಅವರು ಕ್ರೀಡಾಪುಟ ಮುಗಿಸಿಯೇ ಎದ್ದಿದ್ದರು.

ಹೋದ ವರ್ಷ ನನ್ನ ಮಣಿಕಟ್ಟು ಮುರಿಯಿತು. ಫಿಸಿಯೋಥೆರಪಿಯವಳು ಬೆರಳಿನ ವ್ಯಾಯಾಮಕ್ಕೆಂದು ರಬ್ಬರಿನಂಥ ಮುದ್ದೆಗಳನ್ನು ಕೊಟ್ಟಳು. ಹಳದಿಯದು ಮೆತ್ತಗೆ, ನೀಲಿಯದು ಎಲ್ಲಕ್ಕಿಂತ ಗಟ್ಟಿ. ದಿನವೂ ಹಿಂಡಿದೆ, ಚಿವುಟಿದೆ, ಬೆರಳುಗಳಿಗೆ ಸುತ್ತಿ ಅಗಲಿಸಿದೆ. ಎಂಟು ತಿಂಗಳಲ್ಲಿ ನೀಲಿಗೆ ಬಂದೆ.

"ಏನೇ ಪದ್ಮಲತಾ, ಚಪಾತಿ ಹಿಟ್ಟು ನಾದಿದ್ದು ಸಾಲಲಿಲ್ವಾ?" ಎಂದು ನಕ್ಕ ನಮ್ಮವರು ತಮಗೂ ಒಂದು ನೀಲಿ ಮುದ್ದೆ ತರಿಸಿಕೊಂಡರು. ಬೆಳಿಗ್ಗೆ ಅದನ್ನು ಗುಟ್ಟಾಗಿ ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಪಕ್ಕದ ಮನೆಯವರೆದುರು ಬೆಣ್ಣೆಯಂತೆ ಹಿಸುಕಿ ತೋರಿಸುತ್ತಿದ್ದರು. ಆ ನೀರು ಕಾಯಿಸಿಡುತ್ತಿದ್ದವಳು ನಾನೇ.

ನಿನ್ನೆ ವಾರ್ಡ್ ಆಫೀಸಿನವರು ವರ್ಷದ ಕೈಹಿಡಿತದ ಪರೀಕ್ಷೆಗೆ ಬಂದರು. ನಮ್ಮವರು ಹಲ್ಲು ಕಚ್ಚಿ ಮಿಷನ್ನಿನ ಹಿಡಿಕೆ ಒತ್ತಿದಾಗ ಮುಳ್ಳು ಇಪ್ಪತ್ತೊಂದಕ್ಕೆ ನಿಂತಿತು. ನಾನು ಒತ್ತಿದಾಗ ಮೂವತ್ತನಾಲ್ಕು.

"ಮಿಷನ್ ತಣ್ಣಗಿದೆ ಕಣ್ರೀ, ಸ್ವಲ್ಪ ಬಿಸಿ ಮಾಡಿ ನೋಡಿ," ಎಂದರು ನಮ್ಮವರು.

ಆಫೀಸಿನವರು ಬಾಗಿಲಿನ ಬೀಗವನ್ನು ನನ್ನ ಮುಷ್ಟಿಗೆ ಬದಲಾಯಿಸಿ ಹೋದರು.

ಈಗ ನಮ್ಮವರು ಶೂ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದಾರೆ.

"ವಾಕಿಂಗ್‌ಗೆ ಹೊತ್ತಾಯ್ತು ಕಣೇ."

"ಬಂದೆ ಇರಿ," ಎಂದು ಪೇಪರ್ ಬಿಡಿಸಿದೆ. ನನಗೆ ಕ್ರಿಕೆಟ್ಟಿನ ಗಂಧಗಾಳಿಯೂ ಇಲ್ಲ. ಆದರೂ ಕ್ರೀಡಾಪುಟವನ್ನು ಒಂದಕ್ಷರ ಬಿಡದೆ ಓದುತ್ತಿದ್ದೇನೆ.