ಸಾಹೇಬರ ಮಾತಿನ ಅರ್ಥ

“ನೀವು ಸ್ವಂತ ಮಾತು ಸೇರಿಸ್ತಿದ್ದೀರಿ!” ಎಂದು ಮ್ಯಾನೇಜರ್ ಮೇಜು ಕುಟ್ಟಿದ. “ಸಾಹೇಬರು ಹೇಳಿದ್ದು ‘ಟೈಟನ್ ದ ಬೆಲ್ಟ್’ ಅಂತ.”

“ಅದನ್ನೇ ಹೇಳಿದೆ,” ಎಂದರು ದುಭಾಷಿ. “ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಳ್ಳಿ ಅಂತ. ಅರ್ಥ ತಪ್ಪಿದ್ರೆ ಸಾಹೇಬರೇ ಹೇಳ್ಲಿ.”

“ಅವರಿಗೆ ಕನ್ನಡ ಹೇಗ್ರೀ ಗೊತ್ತಾಗುತ್ತೆ?”

“ಅದೂ ಸರೀನೇ,” ಎಂದು ದುಭಾಷಿ ಕನ್ನಡಕ ಸರಿಮಾಡಿಕೊಂಡರು.

ಗೋಡೆಯಾಚೆ ಹೊಲಿಗೆ ಯಂತ್ರಗಳು ಸ್ತಬ್ಧವಾಗಿದ್ದವು. ಶಾಲಾ ಚೀಲ ಹೊಲಿಯುವ ಆ ಕಾರ್ಖಾನೆಯಲ್ಲಿ ಬೆಳಗಿನಿಂದ ಯಾರೂ ಸೂಜಿ ಮುಟ್ಟಿರಲಿಲ್ಲ. ಐವತ್ತು ದಾಟಿದ ಹೆಂಗಸರನ್ನೆಲ್ಲ ಮನೆಗೆ ಕಳಿಸುತ್ತಾರೆಂಬ ಸುದ್ದಿ ಹಬ್ಬಿತ್ತು. ಅದನ್ನು ಇತ್ಯರ್ಥ ಮಾಡಲು ಮುಖ್ಯ ಕಚೇರಿಯಿಂದ ಅಧಿಕಾರಿಯೊಬ್ಬ ಬಂದಿದ್ದ. ಕೆಲಸ ಉಳಿಯುವುದೂ ಹೋಗುವುದೂ ಅವನ ಒಂದು ಮಾತಿನಲ್ಲಿತ್ತು. ಮೇಜಿನ ಆಚೆ ಬದಿಯಲ್ಲಿ ಹೆಂಗಸರ ಪರವಾಗಿ ಮೂವರು ಕೂತಿದ್ದರು. ತುದಿಯ ಕುರ್ಚಿಯಲ್ಲಿ ದುಭಾಷಿ.

ಬರಬೇಕಿದ್ದ ದುಭಾಷಿ ಜ್ವರ ಬಂದು ಮಲಗಿದ್ದ. ಅವನ ಬದಲಿಗೆ ಬಂದವರು ಇವರು, ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ನರೆತ ಕೂದಲಿನ ಟೀಚರು. ಒಳಗೆ ಕಾಲಿಟ್ಟವರು ಅಧಿಕಾರಿಯ ಮುಖ ಕಂಡು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಅವನೂ ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕೂತಿದ್ದ. ಮುದುಕಿ ಹೆದರಿದಳು, ಸಾಹೇಬರು ಮರ್ಯಾದೆ ತೋರಿಸಿದರು ಎಂದುಕೊಂಡ ಮ್ಯಾನೇಜರ್. ದೊಡ್ಡವರ ಮುಖ ನೋಡಿ ಮನಸ್ಸು ಓದುವುದರಲ್ಲಿ ತನ್ನನ್ನು ಬಿಟ್ಟರಿಲ್ಲ ಎಂಬುದು ಅವನ ನಂಬಿಕೆ.

“ಸಾಹೇಬರಿಗೆ ಕನ್ನಡ ಒಂದಕ್ಷರ ಬರಲ್ಲ,” ಎಂದು ಆಗಲೇ ತಿಳಿಸಿದ್ದ.

ದುಭಾಷಿ ಅಧಿಕಾರಿಯನ್ನು ಒಮ್ಮೆ ದಿಟ್ಟಿಸಿ ನೋಡಿದ್ದರು. “ಬರಲ್ವಾ? ಸರಿ ಹಾಗಾದ್ರೆ. ನಾನೇ ಹೇಳ್ತೀನಿ.”

ಹೇಳುತ್ತಲೂ ಇದ್ದರು. ಅಧಿಕಾರಿಯದು ಬೆಣ್ಣೆಯಂಥ ಇಂಗ್ಲಿಷ್. ನುಡಿಗಟ್ಟು ಬೆರೆಸದೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಒಮ್ಮೆ ‘ಬೈಟ್ ದ ಬುಲೆಟ್’ ಎಂದ.

“ಹಲ್ಲು ಕಚ್ಚಿ ಸಹಿಸ್ಕೊಳ್ಳಿ ಅಂತ,” ಎಂದರು ದುಭಾಷಿ.

‘ವಿ ಆರ್ ಆಲ್ ಇನ್ ದ ಸೇಮ್ ಬೋಟ್’ ಎಂದ.

“ನಾವೆಲ್ಲ ಒಂದೇ ದೋಣಿಯಲ್ಲಿದ್ದೀವಂತೆ. ಅಂದ್ರೆ, ನಿಮ್ಮ ಕಷ್ಟವೇ ಅವರ ಕಷ್ಟವಂತೆ.”

ಹೆಂಗಸರ ಮುಂದಾಳು ಜಿಪ್ಪಕ್ಕ ನಕ್ಕುಬಿಟ್ಟಳು. ಚೀಲಗಳಿಗೆ ಜಿಪ್ ಹೊಲಿಯುವವಳು ಅವಳು. ತನ್ನ ಬಾಯಿಗೆ ಮಾತ್ರ ಹಾಕಿಕೊಂಡಿರಲಿಲ್ಲ. “ಒಂದೇ ದೋಣಿ ಆದ್ರೆ ನಮ್ಮನ್ನೇ ಯಾಕೆ ನೀರಿಗೆ ತಳ್ತಾರೆ, ಕೇಳಿ ಟೀಚರಮ್ಮ.”

ದುಭಾಷಿ ಕೇಳಿದರು. ಇಂಗ್ಲಿಷಿನಲ್ಲಿ, ಒಂದು ಪದವೂ ಬಿಡದೆ, ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು. ಅವನು ಲೋಟವೆತ್ತಿ ನೀರು ಕುಡಿದ.

ಮೂವರು ಹೆಂಗಸರು ತಲೆಗೆ ತಲೆ ಸೇರಿಸಿದರು. ಯಾವುದಕ್ಕೆ ಪಟ್ಟು ಹಿಡಿಯಬೇಕು, ಎಲ್ಲಿ ಸಡಿಲ ಬಿಡಬಹುದು ಎಂದು ಪಿಸುಪಿಸು ಶುರುವಾಯಿತು.

“ಇಲ್ಲಿ ಬೇಡ, ಹೊರಗೆ ಹೋಗಿ ಮಾತಾಡ್ಕೊಂಡು ಬನ್ನಿ,” ಎಂದು ದುಭಾಷಿ ಗದರಿದರು.

“ಅವರಿಗೆ ಅರ್ಥ ಆಗಲ್ವಲ್ಲ?”

“ಹೊರಗೆ ಅಂದ್ರೆ ಹೊರಗೆ.”

ಪಾಪ, ಇಲ್ಲೇ ಮಾತಾಡಿಕೊಳ್ಳಲಿ ಬಿಡಿ ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಔದಾರ್ಯ ತೋರಿದ. ದುಭಾಷಿ ಆ ಮಾತನ್ನು ಕನ್ನಡಕ್ಕೆ ತರಲೇ ಇಲ್ಲ. ಹೆಂಗಸರು ಎದ್ದು ಹೋದರು.

ಈ ಮುದುಕಿಯನ್ನು ಕಳಿಸಿ ಬೇರೆಯವರನ್ನು ಕರೆಸೋಣವೇ ಎಂದು ಮ್ಯಾನೇಜರ್ ಅಧಿಕಾರಿಯ ಕಿವಿಯಲ್ಲಿ ಉಸುರಿದ. ಅಧಿಕಾರಿ ಬೇಡವೆಂದು ತಲೆಯಾಡಿಸಿದ. ಕಾರಣ ಕೇಳುವಷ್ಟು ಧೈರ್ಯ ಮ್ಯಾನೇಜರ್‌ಗಿರಲಿಲ್ಲ.

ಹೆಂಗಸರು ಮನಸ್ಸು ಗಟ್ಟಿ ಮಾಡಿಕೊಂಡೇ ಹಿಂದಿರುಗಿದರು. ಜಿಪ್ಪಕ್ಕ ಕೂರಲಿಲ್ಲ. “ಕೂದಲು ಕಪ್ಪಗಿದ್ದಾಗ ಇಲ್ಲಿಗೆ ಬಂದೋಳು ನಾನು. ನನ್ನ ಗಂಡ ಹಾಸಿಗೆ ಹಿಡಿದಿದ್ದಾನೆ, ಮನೇಲಿ ದುಡಿಯೋ ಕೈ ಇದೊಂದೇ. ನಮ್ಮಲ್ಲಿ ಒಬ್ಬಳನ್ನ ತೆಗೆದ್ರೂ ಒಂದು ಯಂತ್ರಾನೂ ತಿರುಗಲ್ಲ. ಹೇಳಿ ಅವರಿಗೆ.”

ದುಭಾಷಿ ಹೇಳಿ ಮುಗಿಸುವ ಮೊದಲೇ ಅಧಿಕಾರಿಯ ಮುಖ ಬಿಗಿಯಿತು. ಈ ಸಲ ಬೆಣ್ಣೆಯಿರಲಿಲ್ಲ. ‘ಡೆಡ್ ವುಡ್’ ಎಂದ. ಆ ಒಣ ಕೊರಡನ್ನು ಕಡಿದು ಹಾಕದೆ ಬೇರೆ ದಾರಿಯಿಲ್ಲ ಎಂದ.

ದುಭಾಷಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಏನಂದ್ರು ಟೀಚರಮ್ಮ?” ಜಿಪ್ಪಕ್ಕನ ದನಿ ತಗ್ಗಿತು.

ದುಭಾಷಿಗೆ ಸಿಟ್ಟು ಉಕ್ಕಿ ಬಂತು. ಅದರ ಜೊತೆಗೆ ನಾಚಿಕೆಯೂ ಇತ್ತು.

“ಇದೊಂದನ್ನ ನಾನು ಹೇಳಲ್ಲ.”

“ಹೇಳ್ಲೇಬೇಕು. ನೀವು ಬಂದಿರೋದೇ ಅದಕ್ಕೆ!” ಮ್ಯಾನೇಜರ್ ಕಿರುಚಿದ.

“ಈ ಕೆಲಸ ಹೋದ್ರೆ ಹೋಗ್ಲಿ.” ದುಭಾಷಿ ಎದ್ದು ನಿಂತರು. ಬೆರಳು ನೇರವಾಗಿ ಅಧಿಕಾರಿಯತ್ತ ಚಾಚಿತು. “ನಾನು ಐವತ್ತು ದಾಟಿ ಯಾವ ಕಾಲವಾಯ್ತೋ. ಇನ್ನು ಕೆಲಸಕ್ಕೆ ಬಾರದೋರು, ಬಿಸಾಡ್ಬೇಕಾದೋರು ಯಾರು ಅಂತ ಇವರ ಮುಖ ನೋಡ್ಕೊಂಡು ನೀನೇ ಹೇಳು. ಕನ್ನಡದಲ್ಲೇ ಹೇಳು.”

‘ನೀನು’ ಎಂಬುದು ಕಿವಿಗೆ ಬಿದ್ದದ್ದೇ ಮ್ಯಾನೇಜರ್ ಬೆವತುಹೋದ. ಕಾವಲುಗಾರನನ್ನು ಕೂಗಲು ಬಾಗಿಲಿಗೆ ಓಡಿದ. ಅಧಿಕಾರಿ ಕೈಯೆತ್ತಿ ಅವನನ್ನು ತಡೆದ. ಏನೋ ಹೇಳಲು ಹೋದ, ಇಂಗ್ಲಿಷ್ ಕೈಕೊಟ್ಟಿತು. ಎದ್ದು ಹೆಂಗಸರ ಕಡೆ ತಿರುಗಿದ.

“ಯಾರನ್ನೂ ತೆಗೆಯಲ್ಲ,” ಎಂದ, ಅಚ್ಚ ಕನ್ನಡದಲ್ಲಿ. ಆಮೇಲೆ ದುಭಾಷಿಯತ್ತ ನೋಡಿದ. “ಇನ್ನಾದ್ರೂ ಕೂತ್ಕೋ ಅಮ್ಮಾ. ನಿನ್ನ ಮಗ ಹೇಳಿದ್ದಾಯ್ತಲ್ಲ.”