ಮಂಗಳವಾರ ಸೊನ್ನೆ

ಭಾನುವಾರ ಬೆಳಿಗ್ಗೆ ಎಂಟು ಗಂಟೆ, ಅರಸೀಕೆರೆ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಹೆಗಲಿಗೆ ಚೀಲ ಹಾಕಿಕೊಂಡ ಹುಡುಗಿಯೊಬ್ಬಳು ಗಲ್ಲಾದ ಮುಂದೆ ನಿಂತು, "ಸಿದ್ದಬಸಪ್ಪ ಅನ್ನೋರು ಇಲ್ಲೇ ಕೆಲ್ಸ ಮಾಡೋದಾ?" ಎಂದು ಕೇಳಿದಳು. ಕಾವಲಿಯ ಮೇಲೆ ಆರನೇ ದೋಸೆ ಹುಯ್ಯುತ್ತಿದ್ದ ಸಿದ್ದಬಸಪ್ಪನ ಕೈ ಅರ್ಧಕ್ಕೇ ನಿಂತಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ದೋಸೆ ಸೊಟ್ಟಗಾಯಿತು.

ಬಂದವಳು ಮಧುಶ್ರೀ. ಹಾಸನದ ಡಾಕ್ಟರುಗಳು ನಡೆಸುತ್ತಿದ್ದ ಸಂಶೋಧನೆಯೊಂದರಲ್ಲಿ ನರ್ಸು. "ಏನಿದ್ರೂ ಫೋನ್ ಮಾಡು, ಹೋಟ್ಲತ್ರ ಮಾತ್ರ ಬರಬ್ಯಾಡ ಕಣವ್ವ" ಎಂದು ಅವನು ಅವಳಿಗೆ ಕೈಮುಗಿದು ಹೇಳಿದ್ದ. ಒಲೆಯ ಮುಂದೆ ನಿಂತು ನಿಂತು ಕಾಲಿನ ರಕ್ತನಾಳಗಳು ಸೋತು, ಐದು ವರ್ಷದ ಹಿಂದೆ ಅವನ ಎಡ ಕಣಕಾಲಿನ ಹತ್ತಿರ ಹುಣ್ಣೊಂದು ಎದ್ದಿತ್ತು. ಕಂಡ ಕಂಡ ಮುಲಾಮು ಹಚ್ಚಿದರೂ ಅದು ಜಪ್ಪಯ್ಯ ಎನ್ನಲಿಲ್ಲ. ಕೊನೆಗೆ ಯಾರಿಗೂ ಹೇಳದೆ ಆ ಸಂಶೋಧನೆಗೆ ಹೆಸರು ಕೊಟ್ಟಿದ್ದ. ಕಾಲಲ್ಲಿ ಹುಣ್ಣಿದೆ ಎಂದು ಗೊತ್ತಾದರೆ ಅವನ ಕೈಯ ದೋಸೆಯನ್ನು ಯಾರು ಮುಟ್ಟಿಯಾರು, ಯಜಮಾನ ಉಮಾಶಂಕರ್ ಅವನನ್ನು ಕಾವಲಿಯ ಮುಂದೆ ಯಾಕೆ ನಿಲ್ಲಿಸಿಯಾನು? ಹಾಗಾಗಿ ಸುಡುಬೇಸಿಗೆಯಲ್ಲೂ ಅವನ ಪಂಚೆ ಪಾದದವರೆಗೆ ಇಳಿಬಿದ್ದಿರುತ್ತಿತ್ತು. ಗಿರಾಕಿಗಳು ಅದನ್ನು ಗಾಂಭೀರ್ಯ ಎಂದುಕೊಂಡಿದ್ದರು.

ಮಧುಶ್ರೀ ಒಲೆಯ ಹತ್ತಿರ ಬಂದು ದನಿ ತಗ್ಗಿಸಿದಳು. "ನಿಮ್ಮ ಹೆಸರು ತೆಗೀಬೇಕಾಗತ್ತೆ, ಸಿದ್ದಬಸಪ್ಪನವರೇ. ಕಾಲಿನ ರಕ್ತ ಮೇಲೇರ್ಲಿ ಅಂತ ದಿನಕ್ಕೆ ಎಪ್ಪತ್ತೈದು ಸಲ ಹಿಮ್ಮಡಿ ಎತ್ತಿ ಇಳಿಸಿ ಅಂದಿದ್ವಿ. ನಿಮ್ಮ ಕಾಲಿಗೆ ಕಟ್ಟಿರೋ ಪಟ್ಟಿ ಫೋನಿಗೆ ಕಳಿಸ್ತಿರೋ ಲೆಕ್ಕ ನೋಡಿದ್ರೆ ಮಾಮೂಲಿ ದಿನ ಐನೂರು, ಭಾನುವಾರ ಎಂಟ್ನೂರು, ಮಂಗಳವಾರ ಸೊನ್ನೆ. ಮನುಷ್ಯರು ಹೀಗೆ ವ್ಯಾಯಾಮ ಮಾಡಲ್ಲ ಅಂತಾರೆ ಡಾಕ್ಟರು. ನಿಜ ಹೇಳಿ, ಪಟ್ಟೀನ ಹಿಟ್ಟು ರುಬ್ಬೋ ಮಿಷನ್‌ಗೆ ಕಟ್ಟಿದ್ರಾ?"

"ಮಂಗಳವಾರ ಹೋಟ್ಲು ರಜ ಕಣವ್ವ" ಎಂದ ಸಿದ್ದಬಸಪ್ಪ.

ಅವಳಿಗೆ ಅರ್ಥವಾಗಲಿಲ್ಲ. ಹೆಸರು ಹೊಡೆದುಹಾಕಿದರೆ ವಾರ ವಾರ ಸುತ್ತುವ ಬಿಗಿ ಬ್ಯಾಂಡೇಜೂ ನಿಲ್ಲುತ್ತದೆ. ಅಂಗೈಯಗಲ ಇದ್ದ ಹುಣ್ಣು ಹೋದ ವಾರ ಹುರುಳಿಕಾಳಿನಷ್ಟಾಗಿತ್ತು. ಇಷ್ಟು ದೂರ ಬಂದು ಈಗ ಬಿಡುವುದೇ? ಆದರೆ ಬಾಯಲ್ಲಿ ಹೇಳಿದರೆ ಅವಳು ನಂಬುವಂತಿರಲಿಲ್ಲ, ನಂಬಿಸಬೇಕಾದರೆ ತೋರಿಸಬೇಕು. ಗಲ್ಲಾದಿಂದ ಉಮಾಶಂಕರ್ ಕತ್ತು ಉದ್ದ ಮಾಡಿ ಇತ್ತಲೇ ನೋಡುತ್ತಿದ್ದ.

ಸಿದ್ದಬಸಪ್ಪ ಕಾವಲಿಯ ಮೇಲಿದ್ದ ದೋಸೆಗಳನ್ನು ತಟ್ಟೆಗೆ ತೆಗೆದು, ಮಗುಚುವ ಸಟ್ಟುಗವನ್ನು ಕೆಳಗಿಟ್ಟ. ಎರಡೂ ಕೈಯಿಂದ ಪಂಚೆ ಎತ್ತಿ ಮೊಣಕಾಲಿನ ಮೇಲೆ ಬಿಗಿಯಾಗಿ ಕಟ್ಟಿದ. ಬೆಳ್ಳಗಿನ ಬ್ಯಾಂಡೇಜೂ ಅದರ ಮೇಲಿನ ಕಪ್ಪು ಪಟ್ಟಿಯೂ ಇಡೀ ಹೋಟೆಲಿಗೆ ಕಂಡವು. "ಫೋನ್ ತೆಗಿಯವ್ವ, ನೋಡ್ತಿರು" ಎಂದ.

ಕಾವಲಿಗೆ ನೀರು ಚಿಮುಕಿಸಿ ಪೊರಕೆಯಲ್ಲಿ ಗುಡಿಸಿದ. ಒಂದು ಸೌಟು ಹಿಟ್ಟು ಹುಯ್ದ, ಹಿಮ್ಮಡಿ ಮೇಲೆದ್ದಿತು. ಸುತ್ತ ಬಳಿದು ಮುಗಿಸಿದ, ಹಿಮ್ಮಡಿ ಕೆಳಗಿಳಿಯಿತು. ಮಧುಶ್ರೀಯ ಫೋನಿನಲ್ಲಿ ಒಂದು. ಎರಡನೇ ದೋಸೆಗೆ ಎರಡು, ಮೂರನೆಯದಕ್ಕೆ ಮೂರು. ಆರು ದೋಸೆ ಹುಯ್ದು ಮುಗಿಸುವ ಹೊತ್ತಿಗೆ ಫೋನು ಆರು ಎಂದಿತು.

"ಮನೆ ಗ್ವಾಡೆ ಹಿಡ್ಕಂಡು ಮಾಡಕ್ಕೆ ಎಪ್ಪತ್ತೈದರ ಗ್ಯಾನ ಇರಲ್ಲ ನಂಗೆ. ದ್ವಾಸೆ ಆದ್ರೆ ತಾನೇ ಗ್ಯಾಪಕ ಮಾಡ್ತದೆ. ದ್ವಾಸೆ ಇಲ್ದಿದ್ರೆ ಹಿಮ್ಮಡೀನೂ ಏಳಲ್ಲ."

ಮಧುಶ್ರೀಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಉಮಾಶಂಕರ್ ಗಲ್ಲಾ ಬಿಟ್ಟು ಎದ್ದು ಬಂದಿದ್ದ. "ಏನಯ್ಯ ಇದು ಕಾಲು? ಎಷ್ಟು ದಿನದಿಂದ? ನನಗೊಂದು ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಕಾವಲಿ ಮುಂದೆ ನಿಲ್ಲಿಸ್ತಿದ್ರಾ, ಯಜಮಾನ್ರೆ?"

ಉಮಾಶಂಕರ್ ಬಗ್ಗಿ ಬ್ಯಾಂಡೇಜನ್ನು ನೋಡಿದ. "ಇದು ಅಂಟೋ ಹುಣ್ಣಲ್ಲ ಸಾರ್, ನಿಂತು ನಿಂತು ಆಗಿದ್ದು" ಎಂದಳು ಮಧುಶ್ರೀ. ಯಾರೂ ತಟ್ಟೆ ಬಿಟ್ಟು ಏಳಲಿಲ್ಲ. ಮೂಲೆಯ ಮೇಜಿನಿಂದ ಹಾರನಹಳ್ಳಿಯ ಮುದುಕರೊಬ್ಬರು, "ಮಾತು ಆಮೇಲೆ ಆಡ್ಕಳಿ, ದ್ವಾಸೆ ಸೀಯ್ತಾ ಐತೆ" ಎಂದರು. ಎಲ್ಲರೂ ನಕ್ಕರು. ಉಮಾಶಂಕರ್ ತಾನೇ ಮಗುಚುವ ಸಟ್ಟುಗ ಎತ್ತಿ ಸಿದ್ದಬಸಪ್ಪನ ಕೈಗೆ ಕೊಟ್ಟ.

ಹನ್ನೊಂದಕ್ಕೆ ಜನ ಕರಗಿದ ಮೇಲೆ ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆಯ ಮೇಲೆ ಅವನನ್ನು ಕೂರಿಸಿ, ಮಧುಶ್ರೀ ಬ್ಯಾಂಡೇಜು ಬಿಚ್ಚಿದಳು. ಹುರುಳಿಕಾಳೂ ಇರಲಿಲ್ಲ. ಆ ಜಾಗದಲ್ಲಿ ಹೊಸ ಚರ್ಮ, ಎಳೆ ಮಗುವಿನದರ ಹಾಗೆ ತೆಳು ಕೆಂಪಗೆ, ಮಿರಿಮಿರಿ ಎನ್ನುತ್ತಿತ್ತು. ಅವಳು ಸುತ್ತಲೂ ಒತ್ತಿ ನೋಡಿದಳು, ಫೋಟೋ ತೆಗೆದಳು, ಡಾಕ್ಟರಿಗೆ ಫೋನ್ ಮಾಡಿ ಅರ್ಧ ಮಾತಿನಲ್ಲೇ ಕಣ್ಣೊರೆಸಿಕೊಂಡಳು. ಸಿದ್ದಬಸಪ್ಪನಿಗೆ ಅಳು ಬರಲಿಲ್ಲ. ಊರಿಗೆಲ್ಲ ಕೇಳುವ ಹಾಗೆ ಕೂಗಬೇಕೆನಿಸಿತು, ಅಷ್ಟೇ.

"ಮಾಗಿದ ಮೇಲೆ ನಮ್ಮ ಎಣಿಕೆ ಮುಗೀತು. ಪಟ್ಟಿ ವಾಪಸ್ ತಗೊಂಡು ಹೋಗ್ತೀನಿ" ಎಂದಳು ಅವಳು. "ಇದು ಮಾತ್ರ ದಿನಾ ಹಾಕ್ಕೋಬೇಕು" ಎಂದು ಮೊಣಕಾಲಿನವರೆಗೆ ಬರುವ ಬಿಗಿ ಕಾಲುಚೀಲವೊಂದನ್ನು ಏರಿಸಿದಳು.

ಐವತ್ತೈದರ ಸಿದ್ದಬಸಪ್ಪ ಶಾಲೆಗೆ ಹೊರಟ ಹುಡುಗನ ಹಾಗೆ ಕಾಲುಚೀಲ ಹಾಕಿಕೊಂಡು, ಎತ್ತಿ ಕಟ್ಟಿದ ಪಂಚೆಯನ್ನು ಇಳಿಸದೆ, ಮೇಜುಗಳ ನಡುವೆ ಬೇಕೆಂದೇ ನಿಧಾನವಾಗಿ ನಡೆದು ಕಾವಲಿಯ ಮುಂದೆ ನಿಂತ. ಒಂದು ಸೌಟು ಹಿಟ್ಟು ಹುಯ್ದ. ಎಣಿಸುವವರು ಯಾರೂ ಇರಲಿಲ್ಲ, ಹಿಮ್ಮಡಿ ತಾನಾಗಿ ಮೇಲೆದ್ದಿತು.