ಶಾವಂತ್ರವ್ವನನ್ನು ಮೀಯಿಸಿದ ನೀರು

ಸತ್ತವರನ್ನು ಮೀಯಿಸಿದ ನೀರನ್ನು ಒಳಚರಂಡಿಗೆ ಬಿಡುವಂತಿಲ್ಲ. ಬಿಟ್ಟರೆ, ಅದು ಶುದ್ಧವಾಗಿ ವಾರದೊಳಗೆ ನಲ್ಲಿಗೆ ಮರಳಿದಾಗ, ಕುಡಿದವರಿಗೆಲ್ಲ ಸತ್ತವರ ಮನಸ್ಸಿನಲ್ಲಿದ್ದ ಕೊನೆಯ ನೆನಪು ಬರುತ್ತದೆ. ಹಾಗಾಗಿ ಒಳಚರಂಡಿ ಇಲಾಖೆಯ ರೇಣವ್ವ ಆ ಬೆಳಿಗ್ಗೆ ಕ್ಯಾನು ಹಿಡಿದು ಗುರುಪಾದಪ್ಪನವರ ಮನೆಗೆ ಬಂದಳು. ಅವರ ಹೆಂಡತಿ ಶಾವಂತ್ರವ್ವನನ್ನು ಮೀಯಿಸಿದ ನೀರು ಬಚ್ಚಲಿನಲ್ಲಿ ಎರಡು ಬಕೆಟ್ ತುಂಬಿತ್ತು.

"ಒಂದು ಲೋಟ ಬಿಟ್ಟು ಹೋಗವ್ವಾ," ಎಂದರು ಗುರುಪಾದಪ್ಪ. "ಆಕಿ ನನ್ನ ಕೂಡ ಮಾತು ಬಿಟ್ಟು ನಾಲ್ಕು ದಿನ ಆಗಿತ್ತು. ಸಿಟ್ಟಿನಾಗ ಹೋದಳೋ ಏನೋ, ತಿಳೀಬೇಕು ನನಗ."

"ಬರಂಗಿಲ್ಲ ಕಾಕಾ. ನೀವು ಕುಡಿದ್ರೂ ಅದು ಮತ್ತ ಚರಂಡಿಗೇ ಬರ್ತೈತಿ."

ಕ್ಯಾನಿಗೆ ಮುದ್ರೆ ಹಾಕುವ ಮೊದಲು ಒಂದು ಹನಿಯನ್ನು ನಾಲಿಗೆಗೆ ಮುಟ್ಟಿಸಿ, ಅದು ಸತ್ತವರನ್ನು ಮೀಯಿಸಿದ ನೀರೇ ಎಂದು ಖಾತ್ರಿ ಮಾಡಿಕೊಳ್ಳುವುದು ಅವಳ ಕೆಲಸ. ಮುಟ್ಟಿಸಿ ಕಣ್ಣು ಮುಚ್ಚಿದಳು. ಬಿಸಿಲು ಬಿದ್ದ ಅಂಗಳವೊಂದು ಕಂಡಿತು; ಅಲ್ಲಿ ತಾಯಿಯೊಬ್ಬಳು ಪುಟ್ಟ ಮಗಳ ಜಡೆ ಹೆಣೆಯುತ್ತಿದ್ದಳು. ಬೇರೆ ಯಾರೂ ಇರಲಿಲ್ಲ.

"ಸಿಟ್ಟಿತ್ತೇನವ್ವಾ?"

"ಎಳ್ಳಷ್ಟೂ ಇರ್ಲಿಲ್ಲ ಕಾಕಾ."

ಗುರುಪಾದಪ್ಪ ಗೋಡೆಗೆ ಒರಗಿ ಅತ್ತರು. ಆಮೇಲೆ ಅಳುಕುತ್ತಲೇ ಕೇಳಿದರು: "ಅದರಾಗ ನಾನು ಇದ್ನೇನು?"

ರೇಣವ್ವ ಅವರ ಮುಖ ನೋಡದೆ ಮುಚ್ಚಳ ಬಿಗಿ ಮಾಡಿದಳು.

"ಬರೇ ನೀವೇ ಇದ್ರಿ," ಎಂದಳು.